‘ಮಿಷನ್ ರಾಣಿಗಂಜ್’: ಒಂದು ಹಿಂದಿ ಚಿತ್ರದ ಗುಣದೋಷ ವಿವೇಚನೆ

ಚಲನಚಿತ್ರವೆಂದರೆ ಕಾಲಹರಣವೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಇಂದಿಗೂ ಉಂಟು. ಪರದೆಯ ಮೇಲೆ ಕಂಡುದೆಲ್ಲವೂ ನಿಜವೆಂದು ನಂಬುವ ಕಿರಿಯರೂ ಉಂಟು. ಇವೆರಡೂ ಸರಿಯಾದ ಮಾರ್ಗಗಳಲ್ಲ. ಈಗ ಚಿತ್ರವನ್ನು ನೋಡಲು ಕೌತಾಳದಿಂದ ಆದವಾನಿಯವರೆಗೆ ಹೋಗಬೇಕಾದುದಿಲ್ಲ. ಮೊಬೈಲು ಅದನ್ನು ಮನೆಯ ಪಡಸಾಲೆಗೇ ತಂದಿರಿಸಿದೆ. ಆದುದರಿಂದ ನೋಡಬೇಡಿರೆಂದು ಹೇಳುವುದಕ್ಕಿಂತ, ನೋಡುವ ಬಗೆಯನ್ನು ಕಲಿಸುವುದೇ ಶ್ರೇಯಸ್ಕರವೆಂದು ನಾವು ಭಾವಿಸುತ್ತೇವೆ. ತರಗತಿಯಲ್ಲಿ ಪದ್ಯವೊಂದನ್ನು ಬಿಡಿಸಿ ಅದರ ಗುಣದೋಷಗಳನ್ನು ಗುರುತಿಸುವಂತೆ, 2023ನೆಯ ಅಕ್ಟೋಬರ್ 6ರಂದು ತೆರೆಕಂಡ ‘ಮಿಷನ್ ರಾಣಿಗಂಜ್’ ಎಂಬ ಹಿಂದಿ ಚಿತ್ರವನ್ನು ಇಲ್ಲಿ ವಿವೇಚಿಸೋಣ. ಇದರ ನಿರ್ದೇಶಕರು ಟೀನು ಸುರೇಶ್ ದೇಸಾಯಿ. ಮುಖ್ಯ ಪಾತ್ರಧಾರಿ ಅಕ್ಷಯ್ ಕುಮಾರ್.

ನಡೆದ ಸಂಗತಿ

ಚಿತ್ರವನ್ನು ತೂಗಿ ನೋಡುವ ಮುನ್ನ ಅದರ ಮೂಲವಾದ ಘಟನೆಯನ್ನು ಅರಿಯಬೇಕು. ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ ಮಹಾಬೀರ್ ಎಂಬ ಕಲ್ಲಿದ್ದಲು ಗಣಿ. 1989ನೆಯ ನವೆಂಬರ್ 13ರಂದು ಅಲ್ಲಿ ಸಿಡಿಮದ್ದಿನಿಂದ ಕಲ್ಲಿದ್ದಲನ್ನು ಒಡೆಯುತ್ತಿರುವಾಗ, ಹಿಂದೆ ಅಗೆದು ಬಿಟ್ಟಿದ್ದ ಹಳೆಯ ಗಣಿಯಲ್ಲಿ ತುಂಬಿ ನಿಂತಿದ್ದ ನೀರು ದಾರಿ ಮಾಡಿಕೊಂಡು ಒಳಕ್ಕೆ ನುಗ್ಗಿತು. ಲಿಫ್ಟಿನ ಸಮೀಪದಲ್ಲಿದ್ದವರು ಮೇಲೆ ಬಂದರು. 71 ಮಂದಿ ಒಳಗೇ ಉಳಿದರು. ಅವರಲ್ಲಿ 6 ಮಂದಿ ನೀರುಪಾಲಾದರು. ಉಳಿದ 65 ಮಂದಿ ಗಣಿಯೊಳಗಿನ ಎತ್ತರವಾದ ಒಂದು ಎಡೆಯನ್ನು ಸೇರಿ ಜೀವ ಹಿಡಿದುಕೊಂಡರು.

ಗಣಿಯ ಬಾಯಿಯಿಂದ ಅವರನ್ನು ತಲಪುವಂತಿರಲಿಲ್ಲ. ಆಗ ಜಸ್ವಂತ್ ಸಿಂಗ್ ಗಿಲ್ ಎಂಬ ಗಣಿ ಎಂಜಿನಿಯರು ಒಂದು ಉಪಾಯವನ್ನು ಮುಂದಿಟ್ಟರು. ಅವರು ಅಮೃತಸರದ ಕಡೆಯವರು. ಧನಬಾದಿನ ಗಣಿ ವಿದ್ಯಾಲಯದಲ್ಲಿ ಕಲಿತವರು. ಕಾರ್ಮಿಕರು ಇರುವ ಎಡೆಗೆ ನೇರವಾಗಿ ಮೇಲಿನಿಂದ ಸುಮಾರು 22 ಅಂಗುಲ ಅಗಲದ ರಂಧ್ರವನ್ನು ಕೊರೆಯುವುದು. ಒಬ್ಬ ಮನುಷ್ಯನು ನಿಲ್ಲಬಹುದಾದ ಉಕ್ಕಿನ ಗೂಡೊಂದನ್ನು ಅದರಲ್ಲಿ ಇಳಿಬಿಟ್ಟು, ಒಬ್ಬೊಬ್ಬರನ್ನೇ ಮೇಲಕ್ಕೆ ಸೇದುವುದು. ಬಾವಿಯಿಂದ ಕೊಡದಲ್ಲಿ ನೀರು ಸೇದುವಂತೆಯೇ ಇದು; ಆದರೆ ಕೊಡದಲ್ಲಿದ್ದುದು ನೀರಲ್ಲ, ಪ್ರಾಣ. ಗಿಲ್ಲರು ತಾವೇ ಮೊದಲು ಆ ಗೂಡಿನಲ್ಲಿ ಕೆಳಗಿಳಿದು, ಎಲ್ಲರನ್ನೂ ಕಳುಹಿಸಿದ ಬಳಿಕ ಕೊನೆಯವರಾಗಿ ಮೇಲೆ ಬಂದರು. ನವೆಂಬರ್ 16ರಂದು 65 ಮಂದಿಯೂ ಬೆಳಕನ್ನು ಕಂಡರು. 1991ರಲ್ಲಿ ಗಿಲ್ಲರಿಗೆ ಸರ್ವೋತ್ತಮ ಜೀವನ ರಕ್ಷಾ ಪದಕವು ದೊರೆಯಿತು. ಅವರು 2019ರಲ್ಲಿ ತೀರಿಕೊಂಡರು.

ಚಿತ್ರದ ಗುಣಗಳು

ಮೊದಲನೆಯ ಗುಣವು ವಸ್ತುವಿನ ಆಯ್ಕೆ. ಯುದ್ಧ, ಕಳ್ಳಸಾಗಣೆ, ಸೇಡು ಇವುಗಳೇ ರೋಮಾಂಚನಕ್ಕೆ ಆಧಾರವೆಂದು ತಿಳಿದಿರುವ ಚಿತ್ರರಂಗದಲ್ಲಿ, ಕೊಲ್ಲುವವನನ್ನಲ್ಲದೆ ಉಳಿಸುವವನನ್ನು ನಾಯಕನನ್ನಾಗಿ ಮಾಡಿರುವುದು ಸಣ್ಣ ಸಂಗತಿಯಲ್ಲ.

ಎರಡನೆಯದಾಗಿ, ಇಲ್ಲಿ ಜಯವು ತೋಳಿನ ಬಲದಿಂದಲ್ಲ, ಲೆಕ್ಕದಿಂದ ಬರುತ್ತದೆ. ನೆಲದ ಮೇಲೆ ಗುರುತಿಸಿದ ಬಿಂದುವು ಗುರಿ ತಪ್ಪಿದರೆ, ಕೊರೆದ ರಂಧ್ರವು ಗಟ್ಟಿಬಂಡೆಯೊಳಗೆ ಹೋಗಿ ನಿಲ್ಲುವುದು. ಕಳೆದ ಗಳಿಗೆಗಳು ಮರಳಿ ಬಾರವು. ಕೋನಮಾನ, ಅಳತೆ, ನಕ್ಷೆ ಇವೆಲ್ಲ ಪರೀಕ್ಷೆಗೆ ಮಾತ್ರವೆಂದು ತಿಳಿದಿರುವ ವಿದ್ಯಾರ್ಥಿಗಳು ಈ ಭಾಗವನ್ನು ಗಮನವಿಟ್ಟು ನೋಡತಕ್ಕದ್ದು.

ಮೂರನೆಯದು ಕಾಲದ ಒತ್ತಡ. ಕೆಳಗೆ ಏರುವ ನೀರು, ಕೆಡುವ ಗಾಳಿ. ಮೇಲೆ ಬಂಧುಗಳ ನಿರೀಕ್ಷೆ. ಈ ಎರಡನ್ನೂ ಒಂದಾದ ಮೇಲೊಂದರಂತೆ ತೋರಿಸುತ್ತ ನೋಡುವವರನ್ನು ಹಿಡಿದಿಡುವುದರಲ್ಲಿ ಚಿತ್ರವು ಬಹುಮಟ್ಟಿಗೆ ಸಫಲವಾಗಿದೆ. ಕಾರ್ಮಿಕನ ಪಾತ್ರದಲ್ಲಿ ರವಿ ಕಿಶನ್ ಅವರು ಹತಾಶೆಯನ್ನೂ ಸಿಟ್ಟನ್ನೂ ಸಹಜವಾಗಿ ತೋರಿದ್ದಾರೆ.

ಚಿತ್ರದ ದೋಷಗಳು

ದೋಷಗಳೂ ಅಲ್ಪವಲ್ಲ. ನೀರು, ಕತ್ತಲೆ, ಕಾಲ ಎಂಬ ಮೂವರು ವೈರಿಗಳು ಎದುರಿಗಿರುವಾಗ, ಅಸೂಯೆಯಿಂದ ಅಡ್ಡಗಾಲು ಹಾಕುವ ಒಬ್ಬ ಅಧಿಕಾರಿಯನ್ನು ಕತೆಯಲ್ಲಿ ತಂದು ನಿಲ್ಲಿಸಿದ್ದಾರೆ. ಇದರಿಂದ ಎರಡು ಹಾನಿಗಳುಂಟು. ಒಂದು, ನಿಜವಾದ ವೈರಿಯು ಚಿಕ್ಕದಾಗುತ್ತದೆ. ಇನ್ನೊಂದು, ಕೆಟ್ಟವನೊಬ್ಬನಿಲ್ಲದಿದ್ದರೆ ಎಲ್ಲವೂ ಸುಗಮವಾಗುತ್ತಿತ್ತೆಂಬ ತಪ್ಪು ತಿಳಿವಳಿಕೆಯು ಎಳೆಯರ ಮನಸ್ಸಿನಲ್ಲಿ ಮೂಡುತ್ತದೆ. ಗಣಿಗೆ ನೀರು ನುಗ್ಗಿದುದು ಯಾರ ಅಸೂಯೆಯಿಂದಲೂ ಅಲ್ಲ; ಹಳೆಯ ಗಣಿಯಲ್ಲಿ ನಿಂತಿದ್ದ ನೀರಿಗೂ ಕೆಲಸ ನಡೆದಿದ್ದ ಜಾಗಕ್ಕೂ ನಡುವಣ ತಡೆಯು ಒಡೆದುದರಿಂದ. 1975ನೆಯ ಡಿಸೆಂಬರ್ 27ರಂದು ಧನಬಾದಿನ ಹತ್ತಿರದ ಚಾಸ್‌ನಾಲಾ ಗಣಿಯಲ್ಲಿ ಇಂಥದೇ ರೀತಿಯಲ್ಲಿ ನೀರು ನುಗ್ಗಿ, ಸರ್ಕಾರದ ಲೆಕ್ಕದಂತೆ 375 ಮಂದಿ ಮಡಿದರು. ಹದಿನಾಲ್ಕು ವರ್ಷಗಳಲ್ಲಿ ಅದೇ ಬಗೆಯ ಅಪಾಯವು ಮರುಕಳಿಸಿತೇಕೆ ಎಂಬ ಪ್ರಶ್ನೆಯನ್ನು ಚಿತ್ರವು ಗಟ್ಟಿಯಾಗಿ ಕೇಳಬೇಕಾಗಿತ್ತು.

ಮತ್ತೊಂದು ದೋಷ, ಎಲ್ಲ ಕೀರ್ತಿಯನ್ನೂ ಒಬ್ಬನ ತಲೆಗೇ ಕಟ್ಟುವುದು. ಗಿಲ್ಲರ ಧೈರ್ಯಕ್ಕೆ ಸಾಟಿಯಿಲ್ಲವೆಂಬುದು ನಿಜ. ಆದರೆ ರಂಧ್ರ ಕೊರೆದವರು, ಉಕ್ಕನ್ನು ಬೆಸೆದು ಗೂಡು ಕಟ್ಟಿದವರು, ಹಗ್ಗವನ್ನು ಇಳಿಬಿಟ್ಟು ಎಳೆದವರು ಇವರಿಲ್ಲದೆ ಆ ಧೈರ್ಯವು ನೆಲದ ಮೇಲೆಯೇ ನಿಲ್ಲುತ್ತಿತ್ತು. ಒಳಗೆ ಸಿಕ್ಕಿದವರಲ್ಲಿಯೂ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರು ಗುಂಪಾಗಿಯೇ ಉಳಿದಿದ್ದಾರೆ; ಅವರ ಊರು, ಸಂಸಾರ, ಕೂಲಿ ಯಾವುದೂ ನಮ್ಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇದಲ್ಲದೆ ಅನಾವಶ್ಯಕವಾದ ಹಾಡು, ಮಾತನ್ನು ಮುಚ್ಚುವ ಹಿನ್ನೆಲೆ ಸಂಗೀತ, ಯಂತ್ರದಿಂದ ಸೃಷ್ಟಿಸಿದುದೆಂದು ತಿಳಿದುಬಿಡುವ ಪ್ರವಾಹದ ದೃಶ್ಯ ಇವು ಚಿತ್ರದ ಗಾಂಭೀರ್ಯಕ್ಕೆ ಕುಂದು ತಂದಿವೆ.

ಲೋಕದ ಇತರ ನಿದರ್ಶನಗಳು

ಗೂಡಿನಲ್ಲಿ ಮನುಷ್ಯರನ್ನು ಸೇದುವ ಉಪಾಯವು ಗಿಲ್ಲರಿಗಿಂತ ಮೊದಲೂ ಇದ್ದಿತು. 1955ರಲ್ಲಿ ಜರ್ಮನಿಯ ಡಾಲ್‌ಬುಷ್ ಗಣಿಯಲ್ಲಿ ಮೂವರನ್ನು ಹೀಗೆಯೇ ಮೇಲೆತ್ತಿದ್ದರು. 2010ರಲ್ಲಿ ಚಿಲಿ ದೇಶದ ಗಣಿಯಲ್ಲಿ 69 ದಿನ ಸಿಕ್ಕಿಕೊಂಡಿದ್ದ 33 ಮಂದಿಯೂ ಇಂಥ ಗೂಡಿನಲ್ಲಿಯೇ ಹೊರಬಂದರು. ಈ ಚಿತ್ರವು ಬಂದ ಮರುತಿಂಗಳೇ, 2023ನೆಯ ನವೆಂಬರ್ 12ರಂದು, ಉತ್ತರಾಖಂಡದ ಸಿಲ್ಕ್ಯಾರಾ ಸುರಂಗವು ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿದರು. ದೊಡ್ಡ ಕೊರೆಯುವ ಯಂತ್ರವು ಮುರಿದು ನಿಂತಾಗ, ಕೈಯಿಂದ ಮಣ್ಣು ಅಗೆಯುವ ಬಡ ಕೂಲಿಗಾರರು ಕೊನೆಯ ಕೆಲವು ಮೀಟರುಗಳನ್ನು ಅಗೆದು, 17ನೆಯ ದಿನ ಎಲ್ಲರನ್ನೂ ಉಳಿಸಿದರು. ಹಲವು ಕೈಗಳು ಕೂಡಿದರೆ ಮಾತ್ರ ಪ್ರಾಣವುಳಿಯುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮಗೇನು ಸಂಬಂಧ?

ರಾಣಿಗಂಜ್ ದೂರದ ಊರು, ನಮಗೇನೆಂದು ಕೆಲವರು ಕೇಳಬಹುದು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯುಂಟು. ಅಲ್ಲಿ ಇಂದಿಗೂ ಮನುಷ್ಯರು ನೆಲದೊಳಗೆ ಇಳಿದು ದುಡಿಯುತ್ತಾರೆ. ಮಳೆ ತಪ್ಪಿದ ವರ್ಷ ನಮ್ಮ ಸೀಮೆಯ ಎಷ್ಟೋ ಸಂಸಾರಗಳು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿನ ಕಡೆಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಅಪಾಯದ ಎಡೆಯಲ್ಲಿ ದುಡಿಯುವವರು ಯಾರೋ ಅಲ್ಲ, ನಮ್ಮವರೇ.

ಇನ್ನೂ ಹತ್ತಿರದ ಅಪಾಯವೊಂದುಂಟು. ನೀರಿಗಾಗಿ ಕೊರೆಸಿ, ನೀರು ಬಾರದೆ ಬಿಟ್ಟ ಕೊಳವೆ ಬಾವಿ. 2024ನೆಯ ಏಪ್ರಿಲ್ ತಿಂಗಳಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ, ಎರಡು ವರ್ಷ ತುಂಬದ ಕೂಸೊಂದು ಇಂಥ ಬಾವಿಯೊಳಗೆ ತಲೆಕೆಳಗಾಗಿ ಬಿದ್ದಿತು. ಪಕ್ಕದಲ್ಲಿ ಸಮನಾದ ಗುಂಡಿಯನ್ನು ಅಗೆದು, ಸುಮಾರು 20 ಗಂಟೆಗಳ ತರುವಾಯ ಅದನ್ನು ಜೀವಂತವಾಗಿ ಹೊರತೆಗೆದರು. ಎಲ್ಲ ಕೂಸುಗಳಿಗೂ ಈ ಭಾಗ್ಯವು ಒದಗಿಲ್ಲ. ಕೊಳವೆ ಬಾವಿಯ ಸುತ್ತ ಬೇಲಿಯಿರಬೇಕು, ಬಾಯಿಗೆ ಭದ್ರವಾದ ಮುಚ್ಚಳವಿರಬೇಕು, ಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ವಿಧಿಸಿದೆ. ಹೊಲವುಳ್ಳ ಪೋಷಕ ಮಹಾಶಯರು ಈ ಬೇಸಗೆಯಲ್ಲಿ ತಮ್ಮ ಹೊಲದ ಬಿಟ್ಟ ಬೋರನ್ನು ಒಮ್ಮೆ ನೋಡಿ ಬರಬೇಕೆಂದು ನಾವು ಕೈಮುಗಿದು ಕೇಳಿಕೊಳ್ಳುತ್ತೇವೆ. ಒಂದು ಬಂಡಿ ಮಣ್ಣಿನಿಂದ ಆಗುವ ಕೆಲಸಕ್ಕೆ ಮುಂದೆ ಊರೆಲ್ಲ ಸೇರಿ ಕಣ್ಣೀರಿಡುವಂತಾಗಬಾರದು.

ಒಟ್ಟಿನಲ್ಲಿ ಈ ಚಿತ್ರವು ದೋಷವುಳ್ಳದ್ದಾದರೂ ಮನೆಮಂದಿಯೆಲ್ಲ ಕೂಡಿ ನೋಡಬಹುದಾದುದು. ನಾಯಕನಿಗೆ ಚಪ್ಪಾಳೆ ತಟ್ಟಿರಿ. ಆದರೆ ಹಗ್ಗವನ್ನು ಹಿಡಿದವರ ಕೈಗಳನ್ನೂ ಹುಡುಕಿ ನೋಡಿರಿ.

ಅಭ್ಯಾಸ

1. ನಡೆದ ಸಂಗತಿಗೂ ಚಿತ್ರದ ಕತೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
2. ಮಹಾಬೀರ್ ಗಣಿಯ ಮತ್ತು ಸಿಲ್ಕ್ಯಾರಾ ಸುರಂಗದ ರಕ್ಷಣಾ ಕಾರ್ಯಗಳನ್ನು ಹೋಲಿಸಿರಿ.
3. ನಿಮ್ಮ ಊರಿನಲ್ಲಿ ಮುಚ್ಚದೆ ಬಿಟ್ಟಿರುವ ಕೊಳವೆ ಬಾವಿಗಳನ್ನು ಹಿರಿಯರಿಂದ ಕೇಳಿ ತಿಳಿದು ಪಟ್ಟಿ ಮಾಡಿರಿ. ಅವುಗಳ ಹತ್ತಿರಕ್ಕೆ ಹೋಗಬೇಡಿರಿ.