ಮಗುವಿನ ಬೆಲ್ಟಿಗೆ ಯಾರ ದುಡ್ಡು?

ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಬೈಕು, ಸ್ಕೂಟರಿನಲ್ಲಿ ಕರೆದೊಯ್ಯುವಾಗ ಅದನ್ನು ಸವಾರನಿಗೆ ಬಿಗಿಯುವ ಸುರಕ್ಷತಾ ಬೆಲ್ಟ್ ಇರಬೇಕು, ತಲೆಗೆ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು ಎಂದು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಯಮ ಹೊರಡಿಸಿತು. ಬೆಲ್ಟ್ ಹಗುರವಾಗಿರಬೇಕು, ನೀರಿಗೆ ಕೆಡಬಾರದು, 30 ಕೆ.ಜಿ. ಭಾರ ತಾಳಬೇಕು ಎಂದೂ ಅದರಲ್ಲಿದೆ. ಬೆಳಗಿನ ಗಾಡಿಯ ಹೊತ್ತಿಗೆ ಬಂಗಾರಪೇಟೆ ಸ್ಟೇಷನ್ನಿನ ಮುಂದೆ ನಿಂತರೆ ಕಾಣುವುದೇ ಬೇರೆ: ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ತೂಕಡಿಸುವ ಮಗು, ಬೆಲ್ಟಿನ ಜಾಗದಲ್ಲಿ ಅಮ್ಮನ ದುಪಟ್ಟಾ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಊರು ನಮ್ಮದು. ಪ್ರಯಾಣದ ತಾಪತ್ರಯಕ್ಕೆ ಇಲ್ಲಿ ಬರವಿಲ್ಲ. ಅದಕ್ಕೊಂದು ಉಪಾಯ ಹೊಳೆಯುವುದೂ ಹೆಚ್ಚಾಗಿ ಹೆತ್ತವರಿಗೇ. ಆದರೆ ಹೂಡಿಕೆದಾರರ ಮುಂದೆ ಉಪಾಯ ಮಂಡಿಸಿ ಬಂಡವಾಳ ಕೇಳುವ ಶಾರ್ಕ್ ಟ್ಯಾಂಕ್ ಇಂಡಿಯಾ 2021ರ ಡಿಸೆಂಬರಿನಲ್ಲಿ ಟಿ.ವಿ.ಗೆ ಬಂದ ಮೇಲೆ, ಉಪಾಯ ಹೊಳೆದ ಮರುಕ್ಷಣವೇ ಹೂಡಿಕೆದಾರರ ನೆನಪಾಗುತ್ತದೆ. ಇದು ತಿರುಗಾಮುರುಗಾ ಆಯಿತು ಎಂಬುದು ನನ್ನ ವಾದ. ಇಂಥ ಸಾಮಾನಿಗೆ ಹೂಡಿಕೆದಾರರ ದುಡ್ಡು ಬರಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಸಲ ಅದು ಬಾರದಿದ್ದರೂ ನಡೆಯುತ್ತದೆ.

ಕಾರಣ ಸಾಮಾನಿನ ಸ್ವಭಾವದಲ್ಲೇ ಇದೆ. ಮಗುವಿನ ಬೆಲ್ಟನ್ನು ಒಂದು ಮನೆ ಒಮ್ಮೆ ಕೊಳ್ಳುತ್ತದೆ, ಎರಡನೆಯ ಮಗುವಿಗೂ ಅದೇ ಆಗುತ್ತದೆ, ಆಮೇಲೆ ತಂಗಿಯ ಮನೆಗೆ ಹೋಗುತ್ತದೆ. ಡೈಪರಿನ ಹಾಗೆ ತಿಂಗಳು ತಿಂಗಳೂ ಖರ್ಚಾಗುವ ಮಾಲಲ್ಲ. ಒಂದು ಲೆಕ್ಕ ಹಾಕೋಣ, ಅಂಕಿಗಳು ಉದಾಹರಣೆಗೆ ಮಾತ್ರ. ತೆರಿಗೆ ಕಳೆದು ಒಂದು ಬೆಲ್ಟಿಗೆ 1,000 ರೂಪಾಯಿ ಕೈಗೆ ಬಂತೆನ್ನಿ. ಪಟ್ಟಿ, ಬಕಲ್, ಫೋಮು, ಹೊಲಿಗೆ ಕೂಲಿಗೆ 450, ಡಬ್ಬ ಮತ್ತು ಕೊರಿಯರ್‌ಗೆ 120, ಆನ್‌ಲೈನ್ ಅಂಗಡಿಯ ಕಮಿಷನ್ನಿಗೆ 180 ಹೋದರೆ ಉಳಿಯುವುದು 250. ತಿಂಗಳಿಗೆ ಒಂದು ಲಕ್ಷ ಉಳಿಯಬೇಕಾದರೆ 400 ಬೆಲ್ಟ್ ಹೋಗಬೇಕು, ಅದೂ ಒಂದೂ ವಾಪಸು ಬಾರದೆ. ಗಂಡಹೆಂಡತಿ ನಡೆಸುವ ವ್ಯಾಪಾರಕ್ಕೆ ಇದು ಒಳ್ಳೆಯ ಲೆಕ್ಕ. ಕೆಲವೇ ವರ್ಷಗಳಲ್ಲಿ ಹಾಕಿದ್ದು ಹತ್ತು ಪಟ್ಟಾಗಬೇಕು ಎನ್ನುವ ಹೂಡಿಕೆದಾರರಿಗೆ ಇದು ಲೆಕ್ಕವೇ ಅಲ್ಲ. ಅವರು ಕೆಟ್ಟವರೆಂದಲ್ಲ, ಅವರ ಕಸುಬೇ ಅಂಥದು: ಹತ್ತರಲ್ಲಿ ಹೆಚ್ಚಿನವು ಮುಳುಗುತ್ತವೆ ಎಂದು ತಿಳಿದೇ ಹಾಕುತ್ತಾರೆ, ಗೆದ್ದ ಒಂದೆರಡು ಉಳಿದವುಗಳ ನಷ್ಟವನ್ನೂ ತುಂಬಿಕೊಡಬೇಕು. ಹೀಗಾಗಿ ಅವರ ದುಡ್ಡು ಒಳಗೆ ಬಂದ ದಿನದಿಂದ ನಿಮ್ಮ ಬೆಲ್ಟು ಬರೀ ಬೆಲ್ಟಾಗಿ ಉಳಿಯುವಂತಿಲ್ಲ.

ಕಾಗದದ ಮೇಲಿನ ಷರತ್ತುಗಳನ್ನೂ ನೋಡಬೇಕು. 50 ಲಕ್ಷಕ್ಕೆ ಶೇ. 10 ಪಾಲು ಎಂದರೆ ಕಂಪನಿಯ ಬೆಲೆ 5 ಕೋಟಿ ಎಂದಾಯಿತು; ಕೇಳಲು ಹಿತವಾಗಿದೆ. ಆದರೆ ಕಂಪನಿ ಮಾರಾಟವಾದಾಗ ಹೂಡಿಕೆದಾರರ ಅಸಲು ಮೊದಲು ಅನ್ನುವ ಷರತ್ತು ಇಂಥ ಒಪ್ಪಂದಗಳಲ್ಲಿ ಮಾಮೂಲು. ನಾಳೆ ಕಂಪನಿ ಒಂದೇ ಕೋಟಿಗೆ ಹೋದರೆ ಅದರಲ್ಲಿ 50 ಲಕ್ಷ ಮೊದಲು ಅವರಿಗೆ. ಶೇ. 90 ಪಾಲಿನ ಹೆತ್ತವರಿಗೆ ಉಳಿಯುವುದು ಅರ್ಧ. ಟಿ.ವಿ.ಯಲ್ಲಿ ಕೈಕುಲುಕಿದ್ದೇ ದುಡ್ಡು ಬಂದಂತೆಯೂ ಅಲ್ಲ. ಲೆಕ್ಕಪತ್ರ ಜಾಲಾಡುವುದು ಆಮೇಲೆ ಶುರುವಾಗುತ್ತದೆ, ಅಲ್ಲಿ ಬಿದ್ದುಹೋಗುವ ಒಪ್ಪಂದಗಳೂ ಉಂಟು.

ಚಿನ್ನದ ಗಣಿಯ ಊರಾದ ಕೆ.ಜಿ.ಎಫ್.ನವರು ಇದಕ್ಕೆ ಉತ್ತರ ಹೇಳಬಹುದು: ಹೊರಗಿನ ಬಂಡವಾಳ ಬಾರದಿದ್ದರೆ ಈ ಊರೇ ಇರುತ್ತಿರಲಿಲ್ಲವಲ್ಲ? ನಿಜ. ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕು ಪಡೆದರೂ ಕೈಯಲ್ಲಿ ಬಂಡವಾಳ ಸಾಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದ ಮೇಲೆಯೇ ಗಣಿಗಾರಿಕೆ ಕುದುರಿತು. ಮೊದಲು ಅರ್ಜಿ ಹಾಕಿದವನಿಗೆ ಉಳಿದದ್ದು ಬೆಂಗಳೂರಿನ ಒಂದು ರಸ್ತೆಯ ಹೆಸರು. ಆದರೆ ಮೂರು ಕಿ.ಮೀ. ಆಳ ಇಳಿಯುವ ಗಣಿಗೆ, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಉದ್ಯಮಕ್ಕೆ, ಸಾಲದಿಂದಲೋ ಉಳಿತಾಯದಿಂದಲೋ ಹಣ ಹೊಂದಿಸಲು ಆಗುತ್ತಿರಲಿಲ್ಲ. ಬೆಲ್ಟಿಗೆ ಬೇಕಾದ್ದು ದಪ್ಪ ಬಟ್ಟೆ ಹೊಲಿಯುವ ಮಿಷನ್ನು, ಅದನ್ನು ಬಲ್ಲ ಟೈಲರ್. ಕೆಲಸ ಬೇಡುವಷ್ಟೇ ಬಂಡವಾಳ ತರಬೇಕು.

ಪ್ಲಾಸ್ಟಿಕ್ ಅಚ್ಚು ಬೇಕಾದ ಸಾಮಾನಾದರೆ? ಅಚ್ಚಿಗೇ ಲಕ್ಷಗಟ್ಟಲೆ ಬೀಳುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆಗಲೂ ಪಾಲು ಕೊಡದೆ ಸಿಗುವ ಹಣವನ್ನು ಮೊದಲು ನೋಡಬೇಕು. ರಾಜ್ಯದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನವಿದೆ, ಸರ್ಕಾರ ಪಾಲು ಕೇಳುವುದಿಲ್ಲ. ಕೇಂದ್ರದ ಮುದ್ರಾ ಯೋಜನೆಯಲ್ಲಿ ಮೊದಲ ಸಲ ಸಾಲ ಪಡೆಯುವವರಿಗೆ ಆಸ್ತಿ ಅಡವಿಲ್ಲದೆ 10 ಲಕ್ಷದವರೆಗೆ ಸಾಲವಿದೆ. ಸಾಲಕ್ಕೆ ಕಂತು ಕಟ್ಟಬೇಕು, ವ್ಯಾಪಾರ ಮುಳುಗಿದರೂ ಬಿಡದು, ಹೂಡಿಕೆಗೆ ಆ ಕಾಟವಿಲ್ಲ ಎಂದರೆ ಒಪ್ಪುತ್ತೇನೆ; ಹೂಡಿಕೆಯ ಪರವಾಗಿರುವ ಬಲವಾದ ಮಾತು ಇದೊಂದೇ. ಅದಕ್ಕೇ ಸಾಲಕ್ಕೊಂದು ಗೆರೆ ಬೇಕು. ಒಬ್ಬರ ಸಂಬಳದಲ್ಲೇ ಕಟ್ಟಬಲ್ಲಷ್ಟು ಕಂತು, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ, ಪಿ.ಎಫ್. ಮತ್ತು ಒಡವೆ ಮುಟ್ಟುವಂತಿಲ್ಲ. ಇನ್ನು ಮಾಲು ಓಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಸಾಲವೂ ಬೇಡ: ಐವತ್ತು ಬೆಲ್ಟ್ ಹೊಲಿಸಿ, ಪರಿಚಯವೇ ಇಲ್ಲದವರಿಗೆ ಪೂರ್ತಿ ಬೆಲೆಗೆ ಮಾರಿ ನೋಡಿ. ನೆಂಟರು ಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದೊಡ್ಡ ಕಂಪನಿ ನಕಲು ಮಾಡಿದರೆ ಬೆನ್ನಿಗೆ ಯಾರು ಎಂಬ ಭಯವೂ ಇದೆ. ಮಕ್ಕಳು ಹತ್ತಿ ಕೂರುವ ಟ್ರಂಕಿ ಸೂಟ್‌ಕೇಸಿನ ರಾಬ್ ಲಾ 2006ರಲ್ಲಿ ಬ್ರಿಟನ್ನಿನ ಇಂಥದೇ ಡ್ರ್ಯಾಗನ್ಸ್ ಡೆನ್ ಕಾರ್ಯಕ್ರಮಕ್ಕೆ ಹೋಗಿ ಶೇ. 10 ಪಾಲಿಗೆ ಒಂದು ಲಕ್ಷ ಪೌಂಡ್ ಕೇಳಿದ. ಅಲ್ಲಿನ ಹೂಡಿಕೆದಾರರೊಬ್ಬರು ಎಳೆದಾಗ ಸೂಟ್‌ಕೇಸಿನ ಪಟ್ಟಿ ಕಿತ್ತುಬಂತು. ಆತ ಬರಿಗೈಲಿ ಹೊರಬಂದ. ಆದರೂ ಸೂಟ್‌ಕೇಸ್ ಲೋಕವೆಲ್ಲ ಓಡಾಡಿತು. ಆತ ಸೋತದ್ದು ಬೇರೆ ಕಡೆ. ಅಗ್ಗದ ನಕಲಿನ ವಿರುದ್ಧ ಹೂಡಿದ ದಾವೆ 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, ನೋಂದಾಯಿಸಿದ್ದ ವಿನ್ಯಾಸದ ಚಿತ್ರಗಳಿಗೂ ನಕಲಿಗೂ ಸಾಕಷ್ಟು ವ್ಯತ್ಯಾಸವಿದೆ ಎಂಬ ಕಾರಣಕ್ಕೆ. ನೋಂದಣಿ ಪತ್ರದಲ್ಲಿ ಏನು ಬರೆದಿದ್ದೀರಿ, ಯಾವ ಚಿತ್ರ ಲಗತ್ತಿಸಿದ್ದೀರಿ ಎಂಬುದೇ ಅಲ್ಲಿ ನಿಲ್ಲುವುದು. ಹೂಡಿಕೆದಾರರು ಬೆನ್ನಿಗಿದ್ದರೂ ಆ ಚಿತ್ರ ಬದಲಾಗುತ್ತಿರಲಿಲ್ಲ.

ಆದ್ದರಿಂದ ಹೂಡಿಕೆದಾರರಿಗಾಗಲಿ, ಕ್ಯಾಮೆರಾಗಾಗಲಿ ಬೆಲ್ಟು ತೋರಿಸುವ ಮುಂಚೆ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿ. ಒಮ್ಮೆ ಬಹಿರಂಗವಾದದ್ದು ಹೊಸದಲ್ಲ ಎಂದೇ ಅರ್ಜಿ ಬೀಳಬಹುದು. ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಸಲ್ಲಿಸಲು 12 ತಿಂಗಳ ಕಾಲಾವಕಾಶವಿದೆ. ಆನ್‌ಲೈನಿನಲ್ಲಿ ಸ್ವಂತ ಹೆಸರಲ್ಲಿ ಹಾಕುವವರಿಗೆ ಅರ್ಜಿ ಶುಲ್ಕ 1,600 ರೂಪಾಯಿ, ಏಜೆಂಟರ ಫೀಸು ಬೇರೆ.