ಡಿಕ್ರಿಗೆ ಮೊದಲೋ, ಆಮೇಲೋ?

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯವಳು. 2016ರಲ್ಲಿ ಗಂಡನೂ ನಾನೂ ಜಂಟಿ ಹೆಸರಿನಲ್ಲಿ ಊರಲ್ಲೇ 20 ಲಕ್ಷಕ್ಕೆ ಮನೆ ಕೊಂಡೆವು. ನನ್ನ ಪಾಲಿನ 10 ಲಕ್ಷ, ಅಪ್ಪ ರೇಷ್ಮೆಗೂಡು ಮಾರಿ ಕೂಡಿಟ್ಟು ಕೊಟ್ಟದ್ದು. ಈಗ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇವೆ. ಮನೆ ಅವರಿಗೆ, ನನ್ನ ಅರ್ಧಕ್ಕೆ 16 ಲಕ್ಷ ಅಂತ ಮಾತಾಗಿದೆ. ಮಾರ್ಗಸೂಚಿ ದರದಲ್ಲಿ ಇಡೀ ಮನೆ 44 ಲಕ್ಷ ಬಾಳುತ್ತದೆ. ಹಳ್ಳಿ ಆಸ್ತಿಗೆ ತೆರಿಗೆ ಇಲ್ಲ, ಇದ್ದರೂ 12 ಲಕ್ಷದವರೆಗೆ ಮಾಫಿ ಅನ್ನುತ್ತಾರೆ ಪತ್ರ ಬರೆಯುವವರು. ನಿಜವೇ? ನನಗೆ ಬೇರೆ ಆದಾಯವಿಲ್ಲ.

ಉತ್ತರ: ಎರಡೂ ಅರ್ಧ ನಿಜ, ತಾಯಿ. ತೆರಿಗೆಯಿಂದ ಹೊರಗಿರುವುದು ಪಟ್ಟಣದಿಂದ ದೂರವಿರುವ ಹಳ್ಳಿಯ ಬೇಸಾಯದ ಜಮೀನು. ಮನೆಗೆ ಆ ವಿನಾಯಿತಿ ಇಲ್ಲ, ಅದು ನಗರಗೆರೆಯಲ್ಲಿದ್ದರೂ ಅಷ್ಟೆ. 12 ಲಕ್ಷದ ಮಾಫಿ ಬಂಡವಾಳ ಲಾಭಕ್ಕೆ ತಾಗುವುದಿಲ್ಲ.

ನಿಮ್ಮ ಕೈಗೆ ಬರುವುದು 16 ಲಕ್ಷವೇ ಆದರೂ ಇಲಾಖೆ ನೋಡುವುದು ಮಾರ್ಗಸೂಚಿ ದರದ 22 ಲಕ್ಷವನ್ನು. ಎರಡರ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ಹೀಗೆಯೇ. ಕಾಣದ ದುಡ್ಡಿಗೆ ತೆರಿಗೆ ಎಂದು ನೀವು ಸಿಟ್ಟಾದರೆ ನಾನು ತಪ್ಪು ಹೇಳಲಾರೆ. 22ರಲ್ಲಿ ನಿಮ್ಮ 10 ಕಳೆದರೆ ಲಾಭ 12 ಲಕ್ಷ. ಬೇರೆ ಆದಾಯವಿಲ್ಲದ್ದರಿಂದ ಹೊಸ ಪದ್ಧತಿಯ ಮೂಲ ಮಿತಿ 4 ಲಕ್ಷವನ್ನೂ ಕಳೆಯಬಹುದು. ಉಳಿದ 8 ಲಕ್ಷಕ್ಕೆ ಶೇ 12.5ರಂತೆ 1 ಲಕ್ಷ, ಅದರ ಮೇಲೆ ಶೇ 4 ಸೆಸ್. ಮನೆ 2024ರ ಜುಲೈ 23ಕ್ಕೆ ಮೊದಲೇ ಕೊಂಡದ್ದಲ್ಲವೇ, ಬೆಲೆಯೇರಿಕೆ ಸೂಚ್ಯಂಕ ಸೇರಿಸಿ ಶೇ 20ರ ಹಳೆಯ ಲೆಕ್ಕವನ್ನೂ ಆಡಿಟರ್ ಕೈಲಿ ಹಾಕಿಸಿ. ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ಲಾಭದ 12 ಲಕ್ಷದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ಅದೂ ಇಲ್ಲ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಖರ್ಚಾಗದೆ ಉಳಿದದ್ದನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಗೆ ಹಾಕಿ.

ಇನ್ನು ನೀವು ಕೇಳದ, ಆದರೆ ಕೇಳಲೇಬೇಕಿದ್ದ ಮಾತು: ಪತ್ರ ರಿಜಿಸ್ಟರ್ ಆಗುವುದು ಯಾವಾಗ? ಡಿಕ್ರಿಯಾದ ಮೇಲೆ ನೀವಿಬ್ಬರೂ ಕಾನೂನಿನ ಕಣ್ಣಿಗೆ ಹೊರಗಿನವರು. 22 ಲಕ್ಷದ ಪಾಲನ್ನು 16ಕ್ಕೆ ಪಡೆದ ಅವರಿಗೆ ಮಿಕ್ಕ 6 ಲಕ್ಷ ಆದಾಯವೆಂದೇ ಲೆಕ್ಕ. ಅವರ ಸ್ಲ್ಯಾಬಿನಂತೆ ತೆರಿಗೆ ಬೀಳುತ್ತದೆ. ಡಿಕ್ರಿಗೆ ಮುಂಚೆ ಆದರೆ ಅವರಿನ್ನೂ ನಿಮ್ಮ ಗಂಡ, ಸಂಬಂಧಿಕರ ಪಟ್ಟಿಯಲ್ಲಿರುವವರು. ಆ 6 ಲಕ್ಷಕ್ಕೆ ತೆರಿಗೆ ಇಲ್ಲ. ನಿಮ್ಮ ತೆರಿಗೆ ಮಾತ್ರ ಎರಡು ಸಲವೂ ಅಷ್ಟೇ. ಎಂದರೆ ಬೇಗ ಮಾಡಿಸುವ ಅವಸರ ಅವರದು, ನಿಮ್ಮದಲ್ಲ. ಚೌಕಾಸಿಗೆ ಕೂತಾಗ ಇದು ನೆನಪಿರಲಿ. 16 ಅನ್ನುವುದು 18 ಆಗಬಾರದೆಂದೇನೂ ಇಲ್ಲ.

ಮೊದಲೇ ಮಾಡಿಕೊಡುವುದಾದರೆ ಒಂದು ಅಪಾಯವಿದೆ. ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿಯಾಗುವವರೆಗೂ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅದಕ್ಕೇ ಡಿಡಿ ಕೈಗೆ ಬರುವ ತನಕ ಸಬ್ ರಿಜಿಸ್ಟ್ರಾರ್ ಎದುರು ಹೆಬ್ಬೆಟ್ಟು ಒತ್ತಬೇಡಿ. ಬೇರೆ ಬಾಳುವ ಒಪ್ಪಂದದ ಭಾಗವಾಗಿ ಈ ಪತ್ರ ಎಂಬ ಸಾಲು ಅದರಲ್ಲಿರಲಿ. ಇಲ್ಲದಿದ್ದರೆ ಡಿಕ್ರಿಯಾಗುವವರೆಗೆ ಕಡಿಮೆ ಬೆಲೆಗೆ ಕೊಟ್ಟ ಆ ಪಾಲಿನ ಬಾಡಿಗೆಯನ್ನು ನಿಮ್ಮ ಆದಾಯಕ್ಕೇ ಸೇರಿಸುವ ಪ್ರಸಂಗ ಬರಬಹುದು. ದಾನಪತ್ರ ಅಂತ ಬರೆದು ಒಳಗೊಳಗೆ ನಗದು ಕೊಡೋಣ ಎಂದರೆ ಎದ್ದು ಬನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ. ಅದು ಬೀಳುವುದು ಪಡೆದವರ ಮೇಲೆ.

ಪ್ರಶ್ನೆ: ನನಗೆ ಮನೆಯ ಪಾಲಿಲ್ಲ. ಒಂದೇ ಸಲಕ್ಕೆ 8 ಲಕ್ಷ ಜೀವನಾಂಶ ಕೊಡುತ್ತಾರಂತೆ. ತಿಂಗಳು ತಿಂಗಳು ತೆಗೆದುಕೊಳ್ಳುವುದು ವಾಸಿಯೇ? – ಶಿಡ್ಲಘಟ್ಟದ ಓದುಗರು

ಉತ್ತರ: ತೆರಿಗೆಯ ಮಟ್ಟಿಗೆ ಒಂದೇ ಸಲದ್ದೇ ವಾಸಿ. ಪ್ರತಾಪಗಢದ ರಾಜಕುಮಾರಿ ಮಹೇಶ್ವರಿ ದೇವಿಯವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಹೇಳಿದ್ದು ಇದನ್ನೇ: ಇಡಿಗಂಟು ಬಂಡವಾಳ, ತೆರಿಗೆಯಿಲ್ಲ, ತಿಂಗಳ ಹಣ ಆದಾಯ, ತೆರಿಗೆಯುಂಟು. ಆದರೆ ತಿಂಗಳಿಗೆ ಬರುವುದು ಹತ್ತೋ ಹದಿನೈದೋ ಸಾವಿರವಾಗಿ, ನಿಮಗೆ ಬೇರೆ ಆದಾಯವಿಲ್ಲದಿದ್ದರೆ ಆ ತೆರಿಗೆಯೂ ಸೊನ್ನೆಯೇ. ಹಾಗಿದ್ದಾಗ ಯೋಚಿಸಬೇಕಾದ್ದು ತೆರಿಗೆಯನ್ನಲ್ಲ, ಮೂರನೇ ವರ್ಷವೂ ಆತ ತಪ್ಪದೆ ಕಳಿಸುತ್ತಾನೆಯೇ ಎಂಬುದನ್ನು.