ಮೋಟಾರು ತಯಾರಕರ ಪೈಪೋಟಿ

ಒಂದೇ ಪೇಟೆಯಲ್ಲಿ ಎರಡು ಬಟ್ಟೆಯಂಗಡಿಗಳಿದ್ದರೆ ಒಬ್ಬ ವರ್ತಕನು ದರವನ್ನಿಳಿಸಿ ಗಿರಾಕಿಗಳನ್ನು ಸೆಳೆಯುತ್ತಾನೆ. ಮತ್ತೊಬ್ಬನು ಬಗೆಬಗೆಯ ಸರಕನ್ನು ತರಿಸಿ, ಸಾಲಕ್ಕೂ ಕೊಡುತ್ತಾನೆ. ಅಮೆರಿಕದ ಮೋಟಾರು ಉದ್ಯಮದಲ್ಲಿ ಸುಮಾರು ನೂರು ವರ್ಷಗಳ ಹಿಂದೆ ಈ ಎರಡು ಉಪಾಯಗಳೂ ಇದಿರುಬದಿರಾಗಿ ನಿಂತವು.

ಹೆನ್ರಿ ಫೋರ್ಡನು 1908ರಲ್ಲಿ ‘ಟಿ’ ಮಾದರಿಯ ಕಾರನ್ನು ಹೊರತಂದಾಗ ಅದರ ಬೆಲೆ ಸುಮಾರು 850 ಡಾಲರು. ಸಾಮಾನ್ಯ ರೈತನೂ ಕೊಳ್ಳುವಂತಹ ಕಾರನ್ನು ತಯಾರಿಸಬೇಕೆಂಬುದು ಆತನ ಹಂಬಲ. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ತನ್ನ ಕಾರ್ಖಾನೆಯಲ್ಲಿ ಆತನು ಹೊಸದೊಂದು ಏರ್ಪಾಟನ್ನು ಮಾಡಿದನು. ಕೆಲಸಗಾರನು ಕಾರಿನ ಬಳಿಗೆ ಹೋಗುವುದಕ್ಕೆ ಬದಲಾಗಿ ಕಾರೇ ಅವನ ಮುಂದೆ ಸಾಗಿ ಬರತೊಡಗಿತು. ಒಬ್ಬೊಬ್ಬನಿಗೆ ಒಂದೊಂದೇ ಕೆಲಸ. ಹನ್ನೆರಡು ಗಂಟೆಗಳಿಗೂ ಮೀರಿ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಮರುವರ್ಷದ ಹೊತ್ತಿಗೆ 93 ನಿಮಿಷಗಳಿಗೆ ಇಳಿಯಿತು. 1914ರಲ್ಲಿ ದಿನದ ಕೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿ 5 ಡಾಲರಿಗೇರಿಸಿದನು. ಇದು ಬರಿಯ ಔದಾರ್ಯವಲ್ಲ. ಒಂದೇ ಕೆಲಸಕ್ಕೆ ಬೇಸತ್ತು ಬಿಟ್ಟುಹೋಗುತ್ತಿದ್ದವರನ್ನು ಉಳಿಸಿಕೊಳ್ಳಬೇಕಾಗಿತ್ತು. ಬೆಲೆಯಿಳಿದಷ್ಟೂ ಮಾರಾಟ ಹೆಚ್ಚಿತು. ಮಾರಾಟ ಹೆಚ್ಚಿದಷ್ಟೂ ತಯಾರಿಕೆಯ ವೆಚ್ಚ ತಗ್ಗಿತು. 1925ರಲ್ಲಿ ಅತ್ಯಂತ ಅಗ್ಗದ ‘ಟಿ’ ಕಾರಿಗೆ 260 ಡಾಲರು ಮಾತ್ರ.

ದರದಲ್ಲಿ ಫೋರ್ಡನೊಡನೆ ಸೆಣಸುವುದು ವ್ಯರ್ಥವೆಂದು 1923ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನನು ಮನಗಂಡನು. ಶೆವ್ರೊಲೆಯಿಂದ ಕ್ಯಾಡಿಲ್ಯಾಕಿನವರೆಗೆ, ಒಂದೊಂದು ವರಮಾನಕ್ಕೆ ಒಂದೊಂದು ಕಾರೆಂಬಂತೆ, ಮೆಟ್ಟಿಲುಮೆಟ್ಟಿಲಾಗಿ ಬೆಲೆಗಳನ್ನು ಗೊತ್ತುಮಾಡಿದನು. ಫೋರ್ಡನ ಕಾರುಗಳು 1914ರಿಂದ ಹನ್ನೊಂದು ವರ್ಷಗಳಷ್ಟು ಕಾಲ ಕಪ್ಪು ಬಣ್ಣದವೇ. ಸ್ಲೋನನ ಕಾರುಗಳಿಗಾದರೋ ಬಗೆಬಗೆಯ ಬಣ್ಣ, ವರ್ಷವರ್ಷಕ್ಕೂ ಹೊಸ ರೂಪು.

ಹಣ ಸಲ್ಲಿಸುವ ಬಗೆಯಲ್ಲಿಯೂ ಭೇದವಿತ್ತು. ತಂದೆತಾಯಿಗಳು ಗಮನಿಸತಕ್ಕ ವಿಷಯವಿದು. 1923ರ ಫೋರ್ಡನ ಯೋಜನೆಯಲ್ಲಿ ಗಿರಾಕಿಯು ವಾರವಾರವೂ 5 ಡಾಲರು ಕೂಡಿಡಬೇಕು. ಪೂರ್ಣ ಹಣ ಸಂದ ಮೇಲೆಯೇ ಕಾರು. ಜನರಲ್ ಮೋಟಾರ್ಸಾದರೋ 1919ರಲ್ಲಿಯೇ ಸಾಲದ ಸಂಸ್ಥೆಯನ್ನು ಸ್ಥಾಪಿಸಿತ್ತು. ಅಲ್ಲಿ ಕಾರು ಮೊದಲು, ಬಡ್ಡಿ ಸಹಿತ ಕಂತುಗಳು ಆಮೇಲೆ. ನನಗೇನೋ ಫೋರ್ಡನ ದಾರಿಯೇ ಲೇಸೆಂದು ತೋರುತ್ತದೆ. ಆದರೆ ಕೊಳ್ಳುವವರು ಹಾಗೆಂದುಕೊಳ್ಳಲಿಲ್ಲ.

1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿ ಕಾರುಗಳನ್ನು ಮುಗಿಸಿ ಫೋರ್ಡನು ‘ಟಿ’ ಮಾದರಿಯನ್ನು ಕೈಬಿಟ್ಟನು. ಒಂದೇ ಮಾದರಿಗೆಂದು ಅಣಿಗೊಳಿಸಿದ್ದ ಯಂತ್ರಗಳನ್ನು ಬದಲಿಸಲು ತಿಂಗಳುಗಟ್ಟಲೆ ತಯಾರಿಕೆ ನಿಂತಿತು. ಸಾವಿರಾರು ಕೆಲಸಗಾರರು ಕೂಲಿಯಿಲ್ಲದೆ ಕುಳಿತರು. ಆ ವರ್ಷ ಶೆವ್ರೊಲೆಯ ಮಾರಾಟವು ಫೋರ್ಡನ್ನು ಮೀರಿಸಿತು. ಡಿಸೆಂಬರಿನಲ್ಲಿ ಬಂದ ‘ಎ’ ಮಾದರಿಗೆ ಹಲವು ಬಣ್ಣಗಳಿದ್ದವು. 1928ರಲ್ಲಿ ಫೋರ್ಡನೂ ಕಂತಿನ ಸಾಲಕ್ಕಾಗಿ ಸಂಸ್ಥೆಯೊಂದನ್ನು ತೆರೆದನು.